ಮಾಡೆಲ್ ಒಂದು ಹೇಳುತ್ತದೆ, ಸೈಟ್ ಇನ್ನೊಂದು ಹೇಳುತ್ತದೆ: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ?

ಸ್ಲ್ಯಾಬ್ ಮೇಲೆ ನಿಂತಿದ್ದೀರಿ. ಕೈಯಲ್ಲಿರುವ ಟ್ಯಾಬ್‌ನಲ್ಲಿ ಕಟ್ಟಡದ ಮೂರು ಆಯಾಮದ ಡಿಜಿಟಲ್ ಮಾಡೆಲ್ ಇದೆ. ಪೈಪ್ ಹಾಯಿಸಲು ಬಿಡಬೇಕಾದ ಸ್ಲೀವ್ ಕಾಲಂ ಮುಖದಿಂದ 450 ಮಿ.ಮೀ. ದೂರದಲ್ಲಿದೆ ಅಂತ ಮಾಡೆಲ್ ತೋರಿಸುತ್ತಿದೆ. ಶಟರಿಂಗ್ ಮೇಲೆ ಮೇಸ್ತ್ರಿ ಗುರುತು ಹಾಕಿರುವುದು 525ಕ್ಕೆ. ಕಾಂಕ್ರೀಟ್ ಗಾಡಿ ಆಗಲೇ ಹೊರಟಿದೆ. ಈಗ ಯಾರನ್ನು ನಂಬುವುದು?

ಇಂಥ ಹೊತ್ತಿನಲ್ಲಿ ಕೆಲವರು ಟ್ಯಾಬ್ ಮುಚ್ಚಿಟ್ಟು ಟೇಪ್ ನಂಬುತ್ತಾರೆ. ಇನ್ನು ಕೆಲವರು ಮಾಡೆಲ್ಲನ್ನೇ ಬೆರಳಲ್ಲಿ ಎಳೆದು ಸೈಟಿಗೆ ಹೊಂದಿಸಿಬಿಡುತ್ತಾರೆ. ಎರಡೂ ಬೇಡ. ತಪ್ಪು ಯಾವ ರೀತಿ ಕಾಣುತ್ತಿದೆ ಅಂತ ಮೊದಲು ನೋಡಿ. ಎಲ್ಲ ಕಡೆ ಒಂದೇ ಅಳತೆ ಸರಿದಿದೆಯಾ? ದೂರ ಹೋದಂತೆ ಜಾಸ್ತಿ ಆಗುತ್ತಿದೆಯಾ? ಒಂದು ಜಾಗದಲ್ಲಿ ಮಾತ್ರವಾ? ನಾಲ್ಕು ಹೆಜ್ಜೆ ನಡೆದರೆ ಬದಲಾಗುತ್ತದಾ? ಒಂದೊಂದಕ್ಕೂ ಕಾರಣ ಬೇರೆ, ಮತ್ತು ಬಹಳಷ್ಟು ಕಾರಣಗಳನ್ನು ನಿಂತಲ್ಲೇ, ಖರ್ಚಿಲ್ಲದೆ, ಐದು ನಿಮಿಷದಲ್ಲಿ ಹಿಡಿಯಬಹುದು.

ಇಂಥ ಮಾಡೆಲ್ಲಿಗೆ ಹೇಳುವ ಬಿಮ್ ಅನ್ನುವ ಪದವನ್ನು ಇಲ್ಲಿ ಬಿಟ್ಟಿದ್ದೇನೆ, ಬರೀ ‘ಮಾಡೆಲ್’ ಅನ್ನುತ್ತೇನೆ. ಫೋನಿನಲ್ಲಿ ಮಾತಾಡುವಾಗ ಬಿಮ್, ಬೀಮ್ (ತೊಲೆ) ಎರಡೂ ಒಂದೇ ಥರ ಕೇಳಿಸುತ್ತವೆ. ಸೈಟಿನಲ್ಲೂ ‘ಮಾಡೆಲ್’ ಅಂತಲೇ ಕರೆದರೆ ಒಂದು ಗೊಂದಲ ಕಡಿಮೆ.

ಯಾವ ಪರೀಕ್ಷೆಗೂ ಮುಂಚೆ ಒಂದು ಮಾತು. ಟ್ಯಾಬ್ ನೋಡುತ್ತಾ ನಡೆಯಬೇಡಿ. ನಿಲ್ಲಿ, ಸುತ್ತ ನೋಡಿ, ಆಮೇಲೆ ಪರದೆ ನೋಡಿ. ಸ್ಲ್ಯಾಬ್ ಅಂಚು, ಲಿಫ್ಟ್ ಗುಂಡಿ, ಸಡಿಲ ಹಲಗೆ, ತಲೆ ಮೇಲೆ ತಿರುಗುವ ಕ್ರೇನ್, ಇವು ಯಾವುವೂ ಪರದೆಯಲ್ಲಿ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಕಾಣುವ ಸೈಟಿನ ಮೇಲೆ ಮಾಡೆಲ್ ಹಾಯಿಸಿ ನೋಡುವಾಗಲಂತೂ ಪಕ್ಕದಲ್ಲಿ ಒಬ್ಬರು ಕಾವಲಿಗೆ ಇರಲೇಬೇಕು. ಯಾಕೆಂದರೆ ಇನ್ನೂ ಕಟ್ಟದ ನೆಲವನ್ನೂ ಅದು ಕಟ್ಟಿದಂತೆಯೇ ತೋರಿಸುತ್ತದೆ.

## ಟ್ಯಾಬ್‌ನಲ್ಲಿ ಹಳೇ ಡ್ರಾಯಿಂಗ್ ಕಾಣುತ್ತಿದೆ

ನಾನು ನೋಡಿದ ಗೊಂದಲಗಳಲ್ಲಿ ಇದೇ ಜಾಸ್ತಿ. ಮೊದಲ ಪರೀಕ್ಷೆ ಬಹಳ ಸುಲಭ. ಹಾಳೆಯ ಮೂಲೆಯಲ್ಲಿರುವ ಪಟ್ಟಿಯಲ್ಲಿ ರಿವಿಷನ್ ಸಂಖ್ಯೆ (ಹಾಳೆ ಎಷ್ಟನೇ ಸಲ ತಿದ್ದಿದ್ದು ಅಂತ ಹೇಳುವುದು) ಓದಿ. ಪಕ್ಕದವರ ಟ್ಯಾಬ್‌ನಲ್ಲಿ ಅದೇ ಹಾಳೆ ತೆರೆದು ಅಲ್ಲೂ ಓದಿ. ಎರಡೂ ಬೇರೆ ಇದ್ದರೆ ಅಳತೆಯ ಜಗಳ ಅಲ್ಲಿಗೇ ನಿಲ್ಲಿಸಿ.

ಒಮ್ಮೆ ನಮ್ಮ ಸೈಟಿನಲ್ಲಿ ಇಬ್ಬರು ಎಂಜಿನಿಯರ್‌ಗಳು ಒಂದೇ ಮಹಡಿಯ ಕಿಂಡಿಗಳನ್ನು ಗುರುತು ಹಾಕುತ್ತಿದ್ದರು. ಒಬ್ಬರ ಟ್ಯಾಬ್ ರಾತ್ರಿಯಿಡೀ ನೆಲಮಾಳಿಗೆಯ ಕಪಾಟಿನಲ್ಲಿತ್ತು, ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಬೆಳಿಗ್ಗೆ ಆಪ್ ತೆರೆದಾಗ ಎಲ್ಲವೂ ಸರಿಯಾಗಿಯೇ ಕಾಣಿಸಿತು, ಯಾವ ಎಚ್ಚರಿಕೆಯೂ ಬರಲಿಲ್ಲ. ಆದರೆ ಅದರಲ್ಲಿದ್ದದ್ದು ಸಿ02, ಇನ್ನೊಬ್ಬರ ಹತ್ತಿರ ಸಿ03. ಕಂಬಿ ಕಟ್ಟುವವರು “ಇಲ್ಲಿ ಎರಡು ಗುರುತು ಯಾಕಿವೆ ಸಾರ್?” ಅಂತ ಕೇಳಿದ್ದರಿಂದ ಅದು ಗೊತ್ತಾಯಿತು. ಅವರು ಕೇಳದೆ ಇದ್ದಿದ್ದರೆ ಕಾಂಕ್ರೀಟ್ ಬಿದ್ದ ಮೇಲೆ ಕೊರೆಯಬೇಕಾಗುತ್ತಿತ್ತು.

ಆದ್ದರಿಂದ ಎರಡನೇ ಪರೀಕ್ಷೆ, ಕೊನೆಯ ಸಿಂಕ್ ಯಾವಾಗ ಆಯಿತು, ಅಂದರೆ ಟ್ಯಾಬ್ ಸರ್ವರ್‌ನಿಂದ ಹೊಸ ಫೈಲ್ ಯಾವಾಗ ತಂದುಕೊಂಡಿತು ಅಂತ ನೋಡುವುದು. ಅದು ನಿನ್ನೆಯದಾಗಿದ್ದರೆ ನೆಟ್‌ವರ್ಕ್ ಇರುವ ಕಡೆ ಹೋಗಿ ಕೈಯಾರೆ ಸಿಂಕ್ ಒತ್ತಿ, ಮುಗಿಯುವವರೆಗೂ ಪರದೆ ಆರದಂತೆ ನೋಡಿಕೊಳ್ಳಿ. ಬ್ಯಾಟರಿ ಉಳಿಸುವ ಮೋಡ್ ಆನ್ ಇದ್ದರೆ ಹಿನ್ನೆಲೆಯಲ್ಲಿ ಸಿಂಕ್ ಆಗದೇ ಇರಬಹುದು. ಮೆಮೊರಿ ತುಂಬಿದ್ದರೂ ಅಷ್ಟೇ, ಹೊಸ ಫೈಲ್ ಇಳಿಯುವುದಿಲ್ಲ, ಹಳೆಯದೇ ತೆರೆದುಕೊಳ್ಳುತ್ತದೆ. ನೀವು ‘ಆಫ್‌ಲೈನ್’ ಅಂತ ಗುರುತು ಹಾಕಿಟ್ಟ ಪ್ರತಿ ತಾನಾಗಿ ಹೊಸದಾಗುತ್ತದೆ ಅಂತ ಅಂದುಕೊಳ್ಳಬೇಡಿ, ನಿಮ್ಮ ಆಪ್‌ನಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಒಮ್ಮೆ ಪರೀಕ್ಷಿಸಿ.

ಇಷ್ಟು ಮಾಡಿದರೂ ಹಳೆಯದೇ ಇದ್ದರೆ, ಆ ಹಾಳೆ ಆಪ್‌ನಿಂದ ತೆರೆದದ್ದೇನಾ ಅಂತ ಕೇಳಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್, ಗ್ಯಾಲರಿಯಲ್ಲಿರುವ ಸ್ಕ್ರೀನ್‌ಶಾಟ್, ಯಾರೋ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ ಹಾಳೆ, ಇವುಗಳಿಗೆ ಸಿಂಕ್ ಅನ್ನುವುದೇ ಇಲ್ಲ. ಅವು ಎಂದಿಗೂ ಹೊಸದಾಗುವುದಿಲ್ಲ. ಅಳಿಸಿಬಿಡಿ, ಕಿತ್ತುಬಿಡಿ.

ಇನ್ನೊಂದು ಸಾಧ್ಯತೆ ಇದೆ. ಫೈಲ್ ಹೊಸದೇ, ಆದರೆ ಕಟ್ಟಲು ಬಿಟ್ಟದ್ದಲ್ಲ. ಮಾಹಿತಿ ನಿರ್ವಹಣೆಗೆ 2018ರಲ್ಲಿ ಬಂದ ಐಎಸ್ಒ 19650 ಮಾನದಂಡದಲ್ಲಿ ಫೈಲಿಗೆ ನಾಲ್ಕು ಸ್ಥಿತಿಗಳಿವೆ: ಇನ್ನೂ ಕೆಲಸ ನಡೆಯುತ್ತಿರುವುದು, ಬೇರೆ ತಂಡಗಳ ಜೊತೆ ಹಂಚಿದ್ದು, ಒಪ್ಪಿಗೆ ಪಡೆದು ಪ್ರಕಟಿಸಿದ್ದು, ಸಂಗ್ರಹಕ್ಕೆ ಹಾಕಿದ್ದು. ಸೈಟಿನಲ್ಲಿ ಕಟ್ಟಬೇಕಾದ್ದು ಮೂರನೆಯದನ್ನು ಮಾತ್ರ. ಬಹಳ ಪ್ರಾಜೆಕ್ಟ್‌ಗಳಲ್ಲಿ ‘ಪಿ’ಯಿಂದ ಶುರುವಾಗುವ ರಿವಿಷನ್ ಇನ್ನೂ ಚರ್ಚೆಯಲ್ಲಿರುವುದು, ‘ಸಿ’ಯಿಂದ ಶುರುವಾಗುವುದು ಒಪ್ಪಂದದ್ದು. ನಿಮ್ಮಲ್ಲಿ ಯಾವ ಅಕ್ಷರಕ್ಕೆ ಯಾವ ಅರ್ಥ ಅಂತ ಡಾಕ್ಯುಮೆಂಟ್ ನೋಡಿಕೊಳ್ಳುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ರಿವಿಷನ್ ಬಗ್ಗೆ ಸ್ವಲ್ಪ ಅನುಮಾನ ಉಳಿದರೂ ಆ ಭಾಗದ ಕೆಲಸ ನಿಲ್ಲಿಸಿ. ಇದರಲ್ಲಿ ರಾಜಿ ಬೇಡ.

## ಫೋಟೊ, ಚೆಕ್‌ಲಿಸ್ಟ್, ದೂರುಗಳು ಮೇಲೆ ಹೋಗುತ್ತಿಲ್ಲ

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಲಾಗ್ಔಟ್ ಆಗಬೇಡಿ. ಆಪ್ ಅಳಿಸಿ ಮತ್ತೆ ಹಾಕಬೇಡಿ. ‘ಡೇಟಾ ಅಳಿಸಿ’ ಬಟನ್ ಒತ್ತಬೇಡಿ. ಮೇಲೆ, ಅಂದರೆ ಸರ್ವರ್‌ಗೆ, ಹೋಗದ ಫೋಟೊಗಳು ಇರುವುದು ಆ ಟ್ಯಾಬ್‌ನಲ್ಲಿ ಮಾತ್ರ, ಅಳಿಸಿದರೆ ಹೋದಂತೆಯೇ. ಕಾಂಕ್ರೀಟ್ ಹಾಕುವ ಮುಂಚಿನ ಕಂಬಿಯ ಫೋಟೊ ಕಳೆದುಕೊಂಡರೆ ಅದನ್ನು ಇನ್ನೊಮ್ಮೆ ತೆಗೆಯಲು ಆಗುವುದಿಲ್ಲ, ಅಲ್ವಾ?

ಈಗ ಬ್ರೌಸರ್‌ನಲ್ಲಿ ಯಾವುದಾದರೂ ಹೊಸ ಪುಟ ತೆರೆಯಿರಿ. ವೈಫೈ ಚಿಹ್ನೆ ತುಂಬಿದ್ದರೂ ಪುಟ ತೆರೆಯದೇ ಇದ್ದರೆ, ಸೈಟಿನ ವೈಫೈ ಮತ್ತೆ ಪಾಸ್‌ವರ್ಡ್ ಕೇಳುತ್ತಿರಬಹುದು. ಪುಟ ತೆರೆದರೆ ಟ್ಯಾಬ್‌ನ ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕ ಏರ್ಪಡುವುದೇ ಇಲ್ಲ, ಯಾಕೆಂದರೆ ಸರ್ವರ್‌ನ ಪ್ರಮಾಣಪತ್ರದ ಅವಧಿಯನ್ನು ಟ್ಯಾಬ್ ತನ್ನ ಗಡಿಯಾರ ನೋಡಿಯೇ ತೀರ್ಮಾನಿಸುತ್ತದೆ. ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಇಡಿ. ಆಮೇಲೆ ಸರತಿಯಲ್ಲಿ ಮೊದಲಿರುವುದು ಏನು ಅಂತ ನೋಡಿ. ಯಾರೋ ತೆಗೆದ ನಾಲ್ಕು ನಿಮಿಷದ ವಿಡಿಯೊ ಮುಂದೆ ಕೂತಿದ್ದರೆ ಅದರ ಹಿಂದಿನ ಇಪ್ಪತ್ತು ಫೋಟೊ ಕಾಯುತ್ತಿರುತ್ತವೆ. ಕಂಬಿ ತುಂಬಿದ ದಪ್ಪ ಗೋಡೆಗಳ ನಡುವೆ ಸಿಗ್ನಲ್ ಬರುವುದಿಲ್ಲ. ಮೇಲಿನ ಮಹಡಿಗೆ ಹೋಗಿ ಹತ್ತು ನಿಮಿಷ ಇಡಿ.

ಒಂದೇ ಒಂದು ದೂರು ಮಾತ್ರ ಸಿಕ್ಕಿಕೊಂಡಿದ್ದರೆ ಅದು ನೆಟ್‌ವರ್ಕ್ ಸಮಸ್ಯೆ ಅಲ್ಲ. ಅದೇ ದೂರನ್ನು ಇನ್ನೊಬ್ಬರೂ ಆಫ್‌ಲೈನ್‌ನಲ್ಲಿ ತಿದ್ದಿರಬಹುದು, ಅಥವಾ ನಿಮ್ಮ ಅನುಮತಿ ಬದಲಾಗಿರಬಹುದು. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ಅಡ್ಮಿನ್‌ಗೆ ಹೇಳಿ.

## ಮಾಡೆಲ್ ತೆರೆಯುವುದೇ ಇಲ್ಲ, ತೆರೆದರೂ ಮುಚ್ಚಿಹೋಗುತ್ತದೆ

ಟ್ಯಾಬ್ ರೀಸ್ಟಾರ್ಟ್ ಮಾಡಿ. ಮೆಮೊರಿ ನೋಡಿ. ಆಮೇಲೆ ಎರಡು ಪ್ರಶ್ನೆ. ಇದೇ ಟ್ಯಾಬ್‌ನಲ್ಲಿ ಇನ್ನೊಂದು ಚಿಕ್ಕ ಮಾಡೆಲ್ ತೆರೆಯುತ್ತದಾ? ಇದೇ ಮಾಡೆಲ್ ಇನ್ನೊಂದು ಟ್ಯಾಬ್‌ನಲ್ಲಿ ತೆರೆಯುತ್ತದಾ? ಚಿಕ್ಕದು ತೆರೆದು ದೊಡ್ಡದು ಎಲ್ಲೂ ತೆರೆಯದಿದ್ದರೆ ದೋಷ ಫೈಲಿನದು. ಬೇರೆ ಟ್ಯಾಬ್‌ನಲ್ಲಿ ತೆರೆದರೆ ದೋಷ ನಿಮ್ಮ ಟ್ಯಾಬ್‌ನದು. ಇಷ್ಟು ಹೇಳಿದರೂ ಸಾಕು, ಸಹಾಯ ಮಾಡುವವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಫೈಲ್ ಭಾರ ಇದ್ದರೆ ಮಹಡಿವಾರು, ವಿಭಾಗವಾರು ಒಡೆದು ಕೊಡಿ ಅಂತ ಕೇಳಿ. ನೀವು ಮೂರನೇ ಮಹಡಿಯಲ್ಲಿ ನಿಂತಿರುವಾಗ ಹದಿನೈದನೇ ಮಹಡಿಯ ಸ್ನಾನದ ಕೋಣೆ ಟ್ಯಾಬ್‌ನಲ್ಲಿ ಇರಬೇಕಾಗಿಲ್ಲ. ಬಹಳ ಸಲ ಭಾರ ಇರುವುದು ಗೋಡೆ, ಸ್ಲ್ಯಾಬ್‌ಗಳಲ್ಲಿ ಅಲ್ಲ, ತಯಾರಕರು ಕೊಟ್ಟ ವಾಲ್ವ್, ಪಂಪ್, ಕುರ್ಚಿಗಳಲ್ಲಿ. ಒಂದೊಂದು ಬೋಲ್ಟಿನ ಒಂದೊಂದು ಎಳೆಯನ್ನೂ ಬಿಡಿಸಿರುತ್ತಾರೆ. ಐಎಫ್‌ಸಿ (ಮಾಡೆಲ್ಲನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ ನಮೂನೆ) ಫೈಲ್ ಸಾಮಾನ್ಯವಾಗಿ ಬರೀ ಅಕ್ಷರಗಳ ಸಾಲು, ಹಾಗಾಗಿ ಜಿಪ್ ಮಾಡಿದರೆ ಚೆನ್ನಾಗಿ ಕುಗ್ಗುತ್ತದೆ. ಇಳಿಸಿಕೊಳ್ಳಲು ಅದು ಸುಲಭ, ಆದರೆ ತೆರೆದ ಮೇಲೆ ಟ್ಯಾಬ್‌ನ ಮೆಮೊರಿಗೆ ಬೀಳುವ ಭಾರ ಕಡಿಮೆ ಆಗುವುದಿಲ್ಲ.

ಇಲ್ಲೇ ಒಂದು ವಿಚಿತ್ರ ಲಕ್ಷಣ ಹೇಳಬೇಕು. ಮಾಡೆಲ್ ತೆರೆಯುತ್ತದೆ, ಆದರೆ ತಿರುಗಿಸಿದಾಗ ಗೆರೆಗಳು ನಡುಗುತ್ತವೆ, ದುಂಡು ಪೈಪ್ ಮುರಿದುಮುರಿದು ಕಾಣುತ್ತದೆ, ಅಳತೆ ಒಂದೊಂದು ಸಲ ಒಂದೊಂದು ಬರುತ್ತದೆ. ಇದು ಟ್ಯಾಬ್ ಕೆಟ್ಟದ್ದಲ್ಲ. ಕಟ್ಟಡವನ್ನು ಮೂಲಬಿಂದುವಿನಿಂದ (ಎಲ್ಲ ಅಳತೆ ಶುರುವಾಗುವ ಸೊನ್ನೆ ಬಿಂದು) ಬಹಳ ದೂರ ಇಟ್ಟಿದ್ದಾರೆ ಅಂತ ಅರ್ಥ. ಗ್ರಾಫಿಕ್ಸ್ ಲೆಕ್ಕ ಸಾಮಾನ್ಯವಾಗಿ 32 ಬಿಟ್ ಸಂಖ್ಯೆಗಳಲ್ಲಿ ನಡೆಯುತ್ತದೆ, ಅದರಲ್ಲಿ ಸುಮಾರು 7 ಅಂಕೆಗಳಷ್ಟೇ ಸರಿಯಾಗಿ ಉಳಿಯುತ್ತವೆ. ಮೂಲಬಿಂದುವಿನಿಂದ 5 ಲಕ್ಷ ಮೀಟರ್ ದೂರದಲ್ಲಿ ಆ ಸಂಖ್ಯೆಗಳು 31 ಮಿ.ಮೀ. ಹೆಜ್ಜೆಗಳಲ್ಲಿ ಮಾತ್ರ ಚಲಿಸಬಲ್ಲವು, ನಡುವಿನ ಅಳತೆಗೆ ಜಾಗವೇ ಇಲ್ಲ. ಮ್ಯಾಪ್ ನಿರ್ದೇಶಾಂಕಗಳನ್ನು ನೇರವಾಗಿ ಮಾಡೆಲ್ಲಿಗೆ ತುಂಬಿದಾಗ ಹೀಗಾಗುತ್ತದೆ. ಸೈಟಿನ ಹತ್ತಿರ ಒಂದು ಸ್ಥಳೀಯ ಮೂಲಬಿಂದು ಇಟ್ಟು, ಮ್ಯಾಪ್ ಜೊತೆಗಿನ ಸಂಬಂಧವನ್ನು ಬೇರೆಯಾಗಿ ದಾಖಲಿಸಿದರೆ ಸರಿಹೋಗುತ್ತದೆ. ಇದನ್ನು ಸೈಟಿನಲ್ಲಿ ಸರಿಮಾಡಲು ಹೋಗಬೇಡಿ, ಮಾಡೆಲ್ ತಂಡವೇ ಮಾಡಬೇಕು.

## ಒಂದು ಪೈಪೋ ಗೋಡೆಯೋ ಕಾಣುತ್ತಿಲ್ಲ

ಕಾಣದ್ದು ಇಲ್ಲ ಅಂತ ಅರ್ಥ ಅಲ್ಲ. ಫಿಲ್ಟರ್ ಆನ್ ಇದೆಯಾ, ಕತ್ತರಿಸಿ ನೋಡುವ ತಳ ಎಲ್ಲಿ ನಿಂತಿದೆ, ಹಿಂದೆ ಯಾರಾದರೂ ಆ ವಸ್ತುವನ್ನು ಮರೆಮಾಡಿದ್ದರಾ ಅಂತ ನೋಡಿ. ಎಲ್ಲವನ್ನೂ ಮೊದಲಿನ ಸ್ಥಿತಿಗೆ ತನ್ನಿ. ಆಗಲೂ ಕಾಣದಿದ್ದರೆ ಆ ವಿಭಾಗದ ಮಾಡೆಲ್ ನಿಮ್ಮ ಟ್ಯಾಬ್‌ಗೆ ಬಂದೇ ಇಲ್ಲದಿರಬಹುದು, ಅಥವಾ ಐಎಫ್‌ಸಿ ತೆಗೆಯುವಾಗ ಬಿಟ್ಟುಹೋಗಿರಬಹುದು. ಐಎಫ್‌ಸಿಯಲ್ಲಿ ಹಳೆಯ 2ಎಕ್ಸ್3, ಆಮೇಲಿನ 4, 2024ರಲ್ಲಿ ಐಎಸ್ಒ ಮಾನದಂಡವಾದ 4.3 ಹೀಗೆ ಆವೃತ್ತಿಗಳಿವೆ, ಎಲ್ಲ ವ್ಯೂವರ್‌ಗಳೂ ಎಲ್ಲವನ್ನೂ ಪೂರ್ತಿ ಓದುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ವಿವರದ ಮಟ್ಟ (ಎಲ್ಒಡಿ). ಎಲ್ಒಡಿ 200 ಅಂದರೆ ಅಂದಾಜು ಗಾತ್ರ, ಅಂದಾಜು ಜಾಗ. 300ರಲ್ಲಿ ಗಾತ್ರ, ಜಾಗ ನಿಖರ. 350ರಲ್ಲಿ ಪಕ್ಕದ ವಸ್ತುಗಳ ಜೊತೆ ಸೇರುವ ರೀತಿ, ಆಧಾರಗಳೂ ಬರುತ್ತವೆ. 200ರ ಮಟ್ಟದಲ್ಲಿ ಬಿಡಿಸಿದ ಡಕ್ಟ್‌ಗೆ ಹ್ಯಾಂಗರ್ ಇಲ್ಲದಿದ್ದರೆ ಅದು ದೋಷ ಅಲ್ಲ. ಆದರೆ ಪರದೆಯಲ್ಲಿ 200 ಮತ್ತು 350 ಎರಡೂ ಅಷ್ಟೇ ನುಣ್ಣಗೆ, ಅಷ್ಟೇ ನಂಬುವಂತೆ ಕಾಣುತ್ತವೆ. ಅದಕ್ಕೇ ಅಳತೆ ತೆಗೆಯುವ ಮುಂಚೆ ಕೇಳಿ: ಇದನ್ನು ಅಳೆಯಲು ಬಿಡಿಸಿದ್ದಾ, ಬರೀ ನೋಡಲು ಬಿಡಿಸಿದ್ದಾ?

## ಮಾಡೆಲ್ ಮತ್ತು ಸೈಟ್ ನಡುವೆ ಅಳತೆ ಹೊಂದುತ್ತಿಲ್ಲ

ಶುರುವಿನ ಸ್ಲೀವ್‌ಗೆ ವಾಪಸ್ ಬರೋಣ. ಮಾಡೆಲ್ 450, ಮೇಸ್ತ್ರಿ 525. ವ್ಯತ್ಯಾಸ 75. ಸ್ಲೀವ್‌ನ ವ್ಯಾಸ 150 ಮಿ.ಮೀ. ಅದರ ಅರ್ಧ 75. ಟ್ಯಾಬ್‌ನ ಅಳತೆ ಉಪಕರಣ ಸ್ಲೀವ್‌ನ ಅಂಚಿಗೆ ಕಚ್ಚಿಕೊಂಡಿತ್ತು, ಮೇಸ್ತ್ರಿ ಅಳೆದದ್ದು ನಡುವಿಗೆ. ಇಬ್ಬರೂ ಸರಿ! ಅದಕ್ಕೇ ವ್ಯತ್ಯಾಸ ಬಂದ ಕೂಡಲೇ ಆ ಸಂಖ್ಯೆಯನ್ನು ದಿಟ್ಟಿಸಿ ನೋಡಿ. ಅದು ಯಾವುದಾದರೂ ವಸ್ತುವಿನ ದಪ್ಪವೋ ಅರ್ಧ ದಪ್ಪವೋ ಆಗಿದೆಯಾ? ಕಾಲಂನ ಅರ್ಧ ಆಗಿದ್ದರೆ ಒಬ್ಬರು ಗ್ರಿಡ್ ಗೆರೆಯಿಂದ (ಕಾಲಂ ನಡುವೆ ಹಾಯುವ ಆಧಾರ ಗೆರೆ), ಇನ್ನೊಬ್ಬರು ಮುಖದಿಂದ ಅಳೆದಿದ್ದಾರೆ. ಪ್ಲಾಸ್ಟರ್ ದಪ್ಪದಷ್ಟಿದ್ದರೆ ಒಬ್ಬರದು ಬರೀ ಕಾಂಕ್ರೀಟ್, ಇನ್ನೊಬ್ಬರದು ಮುಗಿದ ಗೋಡೆ. ಎತ್ತರದಲ್ಲಿ 50ರಿಂದ 100 ಮಿ.ಮೀ. ವ್ಯತ್ಯಾಸ, ಅದೂ ಇಡೀ ಮಹಡಿಗೆ ಒಂದೇ ಥರ ಬಂದರೆ, ಒಬ್ಬರು ಮುಗಿದ ನೆಲದ ಲೆವೆಲ್ ಹಿಡಿದಿದ್ದಾರೆ, ಇನ್ನೊಬ್ಬರು ಸ್ಲ್ಯಾಬ್ ಲೆವೆಲ್ ಹಿಡಿದಿದ್ದಾರೆ ಅಂತ ಮೊದಲು ಅನುಮಾನಿಸಿ.

ಇದು ಅಲ್ಲ ಅಂತಾದರೆ ಮೂರು ಜಾಗದಲ್ಲಿ ಅಳೆಯಿರಿ. ಒಂದು ಸಾಕಾಗುವುದಿಲ್ಲ. ಮೂರೂ ದೂರದೂರ ಇರಲಿ, ಒಂದೇ ಗೆರೆಯಲ್ಲಿ ಇರಬಾರದು. ಟೇಪ್ ಮತ್ತು ಗ್ರಿಡ್ ಗುರುತು ಸಾಕು, ದುಬಾರಿ ಉಪಕರಣ ಬೇಕಿಲ್ಲ.

ಮೂರು ಕಡೆಯೂ ಒಂದೇ ದಿಕ್ಕಿಗೆ, ಒಂದೇ ಅಳತೆ ಸರಿದಿದ್ದರೆ ಮೂಲಬಿಂದು ಬೇರೆಯಾಗಿದೆ. ಆರ್ಕಿಟೆಕ್ಟ್ ಮಾಡೆಲ್ ಒಂದು ಬಿಂದುವಿನಿಂದ, ಸ್ಟ್ರಕ್ಚರ್ ಮಾಡೆಲ್ ಇನ್ನೊಂದರಿಂದ ಹೊರಟಿರಬಹುದು. ಎರಡನ್ನೂ ಒಟ್ಟಿಗೆ ತೆರೆದು ಗ್ರಿಡ್ ಗೆರೆಗಳು ಒಂದರ ಮೇಲೊಂದು ಕೂರುತ್ತವಾ ನೋಡಿ. ಒಂದು ಮೂಲೆಯಲ್ಲಿ ಸರಿಯಿದ್ದು, ದೂರ ಹೋದಂತೆ ಅಡ್ಡಕ್ಕೆ ಜಾಸ್ತಿ ಆಗುತ್ತಾ ಹೋದರೆ ಅದು ತಿರುಗಿದ್ದು. ಮಾಡೆಲ್‌ನ ಉತ್ತರ ದಿಕ್ಕು, ನಿಜವಾದ ಉತ್ತರ ದಿಕ್ಕು ಎರಡನ್ನು ಬೆರೆಸಿದ್ದಾರೆ, ಅಥವಾ ತಿರುಗಿಸುವ ಕೋನದಲ್ಲಿ ದಶಾಂಶ ಬಿಟ್ಟಿದ್ದಾರೆ. ಒಂದೇ ಒಂದು ಡಿಗ್ರಿ ತಪ್ಪಿದರೂ 10 ಮೀಟರ್ ದೂರದಲ್ಲಿ 175 ಮಿ.ಮೀ., 50 ಮೀಟರ್ ದೂರದಲ್ಲಿ 870 ಮಿ.ಮೀ. ದಾಟುತ್ತದೆ.

ದಿಕ್ಕು ಸರಿ, ಆದರೆ ಉದ್ದವೇ ಹಿಗ್ಗಿದೆ ಅಥವಾ ಕುಗ್ಗಿದೆ ಅಂದರೆ ಅದು ಅಳತೆಗೋಲಿನ ತಪ್ಪು. 1000 ಪಟ್ಟು ಆದರೆ ಮೀಟರ್ ಮತ್ತು ಮಿಲಿಮೀಟರ್, 25.4 ಪಟ್ಟು ಆದರೆ ಇಂಚು, 304.8 ಪಟ್ಟು ಆದರೆ ಅಡಿ. ಇವು ಕಣ್ಣಿಗೆ ರಾಚುತ್ತವೆ, ಹಾಗಾಗಿ ಅಪಾಯ ಕಡಿಮೆ. ಅಪಾಯ ಇರುವುದು ಚಿಕ್ಕ ತಪ್ಪಿನಲ್ಲಿ. 100 ಮೀಟರಿಗೆ 40 ಮಿ.ಮೀ. ಕಡಿಮೆ ಬರುತ್ತಿದೆಯಾ? ಹಾಗಿದ್ದರೆ ಯಾರೋ ಮ್ಯಾಪ್ ಗ್ರಿಡ್‌ನ ದೂರವನ್ನು ನೆಲದ ದೂರ ಅಂತ ತೆಗೆದುಕೊಂಡಿದ್ದಾರೆ. ಯುಟಿಎಂ ಅನ್ನುವ ಮ್ಯಾಪ್ ಗ್ರಿಡ್‌ನಲ್ಲಿ ನಡುವಿನ ರೇಖಾಂಶದ ಮೇಲೆ ದೂರಗಳು 0.9996 ಪಟ್ಟು ಆಗುತ್ತವೆ, ಭೂಮಿಯ ಗುಂಡು ಮೈಯನ್ನು ಚಪ್ಪಟೆ ಹಾಳೆಗೆ ತಂದದ್ದರ ಲೆಕ್ಕ ಅದು. ಒಂದು ಕೋಣೆಯಲ್ಲಿ ಗೊತ್ತೇ ಆಗುವುದಿಲ್ಲ. ಉದ್ದನೆಯ ಕಾರ್ಖಾನೆ, ಸೇತುವೆ, ರಸ್ತೆಗಳಲ್ಲಿ ಕೊನೆಯ ಕಾಲಂ ಹತ್ತಿರ ಬಂದಾಗ ಬೋಲ್ಟ್ ಕೂರುವುದಿಲ್ಲ. ಅಡಿಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಬಲೆ ಇದೆ. ಅಮೆರಿಕದ ಸರ್ವೇ ಅಡಿಗೂ ಅಂತಾರಾಷ್ಟ್ರೀಯ ಅಡಿಗೂ ಇರುವ ವ್ಯತ್ಯಾಸ ಹತ್ತು ಲಕ್ಷಕ್ಕೆ 2 ಭಾಗ ಮಾತ್ರ. ಆದರೂ ನಿರ್ದೇಶಾಂಕ 20 ಲಕ್ಷ ಅಡಿ ಇದ್ದರೆ ಕಟ್ಟಡ 4 ಅಡಿ ಸರಿದು ನಿಲ್ಲುತ್ತದೆ. 2022ರ ಕೊನೆಗೆ ಸರ್ವೇ ಅಡಿಯ ಬಳಕೆಯನ್ನು ಅಧಿಕೃತವಾಗಿ ಕೈಬಿಟ್ಟರು, ಆದರೆ ಹಳೇ ಫೈಲ್‌ಗಳಲ್ಲಿ ಅದು ಇನ್ನೂ ಇದೆ.

ಎತ್ತರದಲ್ಲಿ ಹತ್ತಾರು ಮೀಟರ್ ವ್ಯತ್ಯಾಸ ಬಂದರೆ ಉಪಗ್ರಹ ಕೊಟ್ಟ ಎತ್ತರವನ್ನು ಹಾಗೇ ಹಾಕಿದ್ದಾರೆ ಅಂತ ಅರ್ಥ. ಉಪಗ್ರಹ ಅಳೆಯುವುದು ಭೂಮಿಯ ಆಕಾರಕ್ಕೆ ಲೆಕ್ಕ ಹಾಕಿದ ದೀರ್ಘಗೋಳದ ಮೇಲಿನಿಂದ, ಬೆಂಚ್ ಮಾರ್ಕ್ (ಎತ್ತರ ಗೊತ್ತಿರುವ ಗುರುತು) ಇರುವುದು ಸಮುದ್ರಮಟ್ಟಕ್ಕೆ ಹೊಂದುವ ಜಿಯಾಯ್ಡ್ ಮೇಲಿನಿಂದ. ಈ ಎರಡರ ನಡುವಿನ ಅಂತರ ಭೂಮಿಯ ಮೇಲೆ ಸುಮಾರು −106 ಮೀಟರ್‌ನಿಂದ +85 ಮೀಟರ್‌ವರೆಗೆ ಬದಲಾಗುತ್ತದೆ.

ಇನ್ನು, ಎರಡು ಕಡೆ ಸರಿಯಿದ್ದು ಒಂದು ಕಡೆ ಮಾತ್ರ ತಪ್ಪಿದ್ದರೆ? ಆಗ ಮಾಡೆಲ್ ಸರಿಯಿರಬಹುದು, ಕಟ್ಟಿದ್ದೇ ತಪ್ಪಿರಬಹುದು. ಇದನ್ನು ಒಪ್ಪಿಕೊಳ್ಳಲು ಕಷ್ಟ ಆಗುತ್ತದೆ, ನಿಜ. ಆದರೆ ಇಲ್ಲೇ ಮಾಡೆಲ್ಲನ್ನು ಎಳೆದು ಹೊಂದಿಸುವ ಆಸೆ ಹುಟ್ಟುವುದು. ದಯವಿಟ್ಟು ಹಾಗೆ ಮಾಡಬೇಡಿ. ಈ ಕಾಲಂಗೆ ಹೊಂದಿಸಿದರೆ ಮಿಕ್ಕಿದ ನಲವತ್ತು ಕಾಲಂಗಳಿಗೂ ಅದೇ ತಪ್ಪು ಹಂಚಿದಂತೆ, ಮತ್ತು ನಾಳೆ ಬರುವವರಿಗೆ ನಿಜವಾದ ತಪ್ಪು ಎಲ್ಲಿತ್ತು ಅಂತ ಗೊತ್ತಾಗುವುದೇ ಇಲ್ಲ. ಅಳತೆ ಬರೆಯಿರಿ, ಫೋಟೊ ತೆಗೆಯಿರಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕಳಿಸಿ.

## ಟೋಟಲ್ ಸ್ಟೇಷನ್ ಬಿಂದುಗಳು ಎಲ್ಲ ದೂರದಲ್ಲೂ ಒಂದೇ ಅಳತೆ ತಪ್ಪುತ್ತಿವೆ

ಟೋಟಲ್ ಸ್ಟೇಷನ್ ಅಂದರೆ ಕೋನ, ದೂರ ಎರಡನ್ನೂ ಅಳೆಯುವ ಸರ್ವೇ ಉಪಕರಣ. 5 ಮೀಟರ್ ದೂರದಲ್ಲೂ 80 ಮೀಟರ್ ದೂರದಲ್ಲೂ ತಪ್ಪು ಒಂದೇ ಇದ್ದು, ಅದು ಉಪಕರಣದ ಕಡೆಗೋ ಆಚೆಗೋ ಮಾತ್ರ ಇದ್ದರೆ, ಪ್ರಿಸಂ ಸ್ಥಿರಾಂಕ ನೋಡಿ, ಅಂದರೆ ಬೆಳಕನ್ನು ವಾಪಸ್ ಕಳಿಸುವ ಪ್ರಿಸಂಗೆ ತಕ್ಕಂತೆ ದೂರಕ್ಕೆ ಮಾಡುವ ತಿದ್ದುಪಡಿ. ಲೈಕಾ ಕಂಪನಿಯ ಪದ್ಧತಿಯಲ್ಲಿ ಅದರ ದುಂಡು ಪ್ರಿಸಂಗೆ 0 ಅಂತ ಇಡುತ್ತಾರೆ, ಬೇರೆ ಪದ್ಧತಿಯಲ್ಲಿ ಅದೇ ಪ್ರಿಸಂ −34.4 ಮಿ.ಮೀ. ಹಾಗಾಗಿ ತಪ್ಪು 34 ಮಿ.ಮೀ. ಹತ್ತಿರ ಬಂದರೆ ಬೇರೆಲ್ಲೂ ಹುಡುಕಬೇಡಿ. 17 ಅಥವಾ 18 ಬಂದರೆ ಚಿಕ್ಕ ಪ್ರಿಸಂ ಹಿಡಿದು ದೊಡ್ಡದರ ಸೆಟ್ಟಿಂಗ್ ಇಟ್ಟಿರಬಹುದು. ಪ್ರಿಸಂ ಇಲ್ಲದೆ ನೇರ ಗೋಡೆಗೆ ಹೊಡೆಯುವ ಮೋಡ್‌ನಲ್ಲಿ ಉಳಿದಿದೆಯಾ ಅಂತಲೂ ನೋಡಿ.

ಹವಾಮಾನ ತಿದ್ದುಪಡಿ ಮೇಲೆ ಬಹಳ ಜನ ತಪ್ಪು ಹೊರಿಸುತ್ತಾರೆ. 1 ಡಿಗ್ರಿಗೆ ಹತ್ತು ಲಕ್ಷಕ್ಕೆ ಸುಮಾರು 1 ಭಾಗ ಅಷ್ಟೇ. ತಾಪಮಾನ 20 ಡಿಗ್ರಿ ತಪ್ಪು ಹಾಕಿದರೂ 100 ಮೀಟರಿಗೆ 2 ಮಿ.ಮೀ. ತಪ್ಪು 30 ಮಿ.ಮೀ.ಯಷ್ಟಿದ್ದರೆ ಅದು ಕಾರಣ ಅಲ್ಲ. ಟ್ರೈಪಾಡ್ ಕಾಲು ಕುಸಿದಿರುವುದು, ಯಾರೋ ತಾಗಿ ಹೋಗಿರುವುದು, ಕಂಟ್ರೋಲ್ ಬಿಂದುವಿನ (ಸ್ಥಾನ ಗೊತ್ತಿರುವ ಆಧಾರ ಬಿಂದು) ಮೊಳೆಗೆ ಜೆಸಿಬಿ ತಗುಲಿ ಬಾಗಿರುವುದು, ಇವು ಹೆಚ್ಚು ಸಾಧ್ಯ. ಶುರುವಿನಲ್ಲಿ ದಿಕ್ಕು ಹೊಂದಿಸಿದ ಬಿಂದುವಿಗೆ ತಿರುಗಿ ಮತ್ತೆ ಓದಿ. ಬದಲಾಗಿದ್ದರೆ ಆ ನಿಲುವಿನಿಂದ ಹಾಕಿದ ಗುರುತುಗಳನ್ನೆಲ್ಲ ಮತ್ತೆ ನೋಡಬೇಕು. ಲೇಸರ್ ಕಣ್ಣಿಗೆ ಬೀಳದಂತೆ ಜನರನ್ನು ದೂರ ಇಡಿ.

## ನೀಲಿ ಚುಕ್ಕೆ ನಾನಿರುವ ಜಾಗ ತೋರಿಸುತ್ತಿಲ್ಲ

ಫೋನಿನ ಜಿಪಿಎಸ್ ತೆರೆದ ಆಕಾಶದ ಕೆಳಗೆ ಸುಮಾರು 5 ಮೀಟರ್ ಒಳಗೆ ಹೇಳುತ್ತದೆ, ಕಟ್ಟಡದ ಪಕ್ಕದಲ್ಲಿ ಅದಕ್ಕಿಂತ ಕೆಟ್ಟದು, ಒಳಗೆ ಬರೀ ಊಹೆ. ಇದು ದೋಷ ಅಲ್ಲ, ಅದರ ಮಿತಿ. ‘ಯಾವ ಬ್ಲಾಕ್ ಹತ್ತಿರ ಇದ್ದೇನೆ’ ಅನ್ನುವುದಕ್ಕೆ ಸಾಕು, ಗುರುತು ಹಾಕಲು ಸಾಲದು. ದಿಕ್ಕು ತಪ್ಪಿದ್ದರೆ ಕಂಬಿ ರಾಶಿಯಿಂದ ದೂರ ಬನ್ನಿ, ಕಬ್ಬಿಣ ದಿಕ್ಸೂಚಿಯನ್ನು ಎಳೆಯುತ್ತದೆ. ಮ್ಯಾಗ್ನೆಟ್ ಇರುವ ಕವರ್ ಇದ್ದರೆ ತೆಗೆಯಿರಿ.

ಆರ್‌ಟಿಕೆ (ಬೇಸ್ ಸ್ಟೇಷನ್‌ನಿಂದ ತಿದ್ದುಪಡಿ ಪಡೆಯುವ ನಿಖರ ಜಿಪಿಎಸ್) ರಿಸೀವರ್ ಬಳಸುತ್ತಿದ್ದರೆ ಪರದೆಯಲ್ಲಿ ‘ಫಿಕ್ಸ್’ ಅಂತ ಇದೆಯಾ ‘ಫ್ಲೋಟ್’ ಅಂತ ಇದೆಯಾ ನೋಡಿ. ಫಿಕ್ಸ್‌ನಲ್ಲಿ 1ರಿಂದ 2 ಸೆಂ.ಮೀ. ನಿರೀಕ್ಷಿಸಬಹುದು. ಫ್ಲೋಟ್‌ನಲ್ಲಿ ಗುರುತು ಹಾಕಬೇಡಿ. ಫಿಕ್ಸ್ ಇದ್ದೂ ಎಲ್ಲವೂ ಒಂದೇ ಕಡೆ ಸರಿದಿದ್ದರೆ ಬೇಸ್ ಸ್ಟೇಷನ್‌ಗೆ ಕೊಟ್ಟ ನಿರ್ದೇಶಾಂಕ ತಪ್ಪಿದೆ. ಪ್ರತಿದಿನ ಬೆಳಿಗ್ಗೆ ಗೊತ್ತಿರುವ ಒಂದು ಬಿಂದುವಿನ ಮೇಲೆ ಕೋಲು ಇಟ್ಟು ಓದಿದರೆ ಇದು ತಾನಾಗಿ ಸಿಕ್ಕಿಬೀಳುತ್ತದೆ.

## ಕ್ಯಾಮೆರಾದಲ್ಲಿ ಹಾಯಿಸಿ ನೋಡಿದರೆ ಮಾಡೆಲ್ ತೇಲಿ ಹೋಗುತ್ತದೆ

ಲೆನ್ಸ್ ಒರೆಸಿ. ನಗು ಬರುವಷ್ಟು ಚಿಕ್ಕ ವಿಷಯ ಅನಿಸಬಹುದು, ಆದರೆ ಸಿಮೆಂಟ್ ಧೂಳು ಕೂತ ಲೆನ್ಸ್‌ನಿಂದ ಎಷ್ಟೋ ಸಲ ತೊಂದರೆ ಬಂದಿದೆ. ಟ್ಯಾಬ್ ತಾನು ಎಷ್ಟು ಚಲಿಸಿದೆ ಅಂತ ಲೆಕ್ಕ ಹಾಕುವುದು ಕ್ಯಾಮೆರಾದಲ್ಲಿ ಕಾಣುವ ಮೂಲೆಗಳು, ಕಲೆಗಳು, ಗೆರೆಗಳನ್ನು ಹಿಂಬಾಲಿಸಿ, ಜೊತೆಗೆ ಒಳಗಿನ ಚಲನೆ ಸೆನ್ಸರ್ ನೋಡಿ. ಬಿಳಿ ಬಳಿದ ಬರೀ ಗೋಡೆ, ಗಾಜು, ಕತ್ತಲು, ಓಡಾಡುವ ಜನ ಇದ್ದರೆ ಹಿಡಿದುಕೊಳ್ಳಲು ಅದಕ್ಕೆ ಏನೂ ಸಿಗುವುದಿಲ್ಲ. ದೀಪ ಹಾಕಿ, ನಿಧಾನ ತಿರುಗಿಸಿ.

ನಿಂತಲ್ಲಿ ಸರಿಯಿದ್ದು ನಡೆದಂತೆ ಸರಿಯುತ್ತಾ ಹೋದರೆ ಅದು ಸಹಜವಾಗಿ ಕೂಡುತ್ತಾ ಬರುವ ತಪ್ಪು. ಸರ್ವೇಯರ್ ಗುರುತಿಸಿದ ಜಾಗದಲ್ಲಿ ಅಂಟಿಸಿದ ಕ್ಯೂಆರ್ ಗುರುತಿಗೆ ಮತ್ತೆ ಹೊಂದಿಸಿ. ಆ ಗುರುತೇ ತಪ್ಪು ಜಾಗದಲ್ಲಿದ್ದರೆ ಶುರುವಿನಿಂದಲೇ ಸರಿದಿರುತ್ತದೆ. ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಸೆನ್ಸರ್) ಇರುವ ಟ್ಯಾಬ್ ಸ್ವಲ್ಪ ಉತ್ತಮ, ಆದರೆ 2020ರ ಐಪ್ಯಾಡ್ ಪ್ರೊದಿಂದ ಬಂದ ಆ ಸೆನ್ಸರ್‌ನ ವ್ಯಾಪ್ತಿ 5 ಮೀಟರ್ ಮಾತ್ರ. ದೊಡ್ಡ ಹಾಲ್‌ನಲ್ಲಿ ಎದುರು ಗೋಡೆ ಅದಕ್ಕೆ ಸಿಗುವುದಿಲ್ಲ.

ಇಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಕ್ಯಾಮೆರಾದಲ್ಲಿ ಕಂಡದ್ದನ್ನು ನಂಬಿ ಕೊರೆಯಬೇಡಿ, ಅಗೆಯಬೇಡಿ. ಸ್ಲ್ಯಾಬ್ ಒಳಗೆ ಬಿಗಿದ ಪೋಸ್ಟ್ ಟೆನ್ಷನ್ ಕೇಬಲ್ ಇದ್ದರೆ ಡ್ರಿಲ್ ತಗುಲಿದ ಕ್ಷಣ ಅದು ಪ್ರಾಣ ತೆಗೆಯಬಹುದು. ನೆಲದ ಒಳಗಿನ ವಿದ್ಯುತ್ ಕೇಬಲ್, ಗ್ಯಾಸ್ ಪೈಪ್ ಕೂಡ ಹಾಗೇ. ಮಾಡೆಲ್ ‘ಇಲ್ಲಿ ಏನೂ ಇಲ್ಲ’ ಅಂತ ತೋರಿಸುವುದು ಅನುಮತಿ ಅಲ್ಲ. ಸ್ಕ್ಯಾನರ್, ಕೇಬಲ್ ಲೊಕೇಟರ್, ಬರವಣಿಗೆಯ ಪರ್ಮಿಟ್, ಇವು ಬಂದ ಮೇಲೇ ಕೊರೆಯುವ ಮಾತು.

## ಟ್ಯಾಬ್ ಬಿಸಿಯಾಗಿ ಮಂಕಾಗುತ್ತದೆ, ಚಾರ್ಜ್ ಆಗುತ್ತಿಲ್ಲ

ಐಪ್ಯಾಡ್‌ನಂಥವನ್ನು 0ರಿಂದ 35 ಡಿಗ್ರಿ ಒಳಗಿನ ವಾತಾವರಣಕ್ಕೆ ಮಾಡಿದ್ದಾರೆ. ಬಿಸಿಲಲ್ಲಿ ಸ್ಲ್ಯಾಬ್ ಮೇಲೆ ಇಟ್ಟರೆ ಪರದೆ ಮಂಕಾಗುವುದು, ಚಾರ್ಜ್ ನಿಲ್ಲುವುದು ಅದು ತನ್ನನ್ನು ಕಾಪಾಡಿಕೊಳ್ಳುವ ರೀತಿ. ನೆರಳಿಗೆ ತನ್ನಿ, ದಪ್ಪ ಕವರ್ ತೆಗೆಯಿರಿ, ಕಾಯಿರಿ. ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರಿನ ಹನಿ ಕೂರುತ್ತದೆ. ಚಾರ್ಜಿಂಗ್ ಕಿಂಡಿಯಲ್ಲಿ ಧೂಳಿದ್ದರೆ ಟ್ಯಾಬ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಲೋಹದ ಪಿನ್ ಬೇಡ. ಕಿಂಡಿ ಒದ್ದೆ ಇದ್ದರೆ ಒಣಗುವವರೆಗೆ ಚಾರ್ಜರ್ ಚುಚ್ಚಬೇಡಿ.

ಹಿಂಬದಿ ಉಬ್ಬಿದೆಯಾ, ಪರದೆ ಅಂಚು ಮೇಲೆದ್ದಿದೆಯಾ? ಅಲ್ಲಿಗೆ ನಿಲ್ಲಿಸಿ. ಉಬ್ಬಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಒತ್ತಬೇಡಿ, ಚಾರ್ಜ್ ಮಾಡಬೇಡಿ, ಮರ, ಡೀಸೆಲ್, ಪೇಂಟ್ ಇಲ್ಲದ ಜಾಗದಲ್ಲಿಟ್ಟು ಸರ್ವಿಸ್‌ನವರಿಗೆ ಹೇಳಿ.

## ಸಹಾಯ ಕೇಳುವಾಗ ಏನು ಕಳಿಸಬೇಕು

“ಮಾಡೆಲ್ ತಪ್ಪಿದೆ” ಅಂತ ಬರೀ ಒಂದು ಸಾಲು ಕಳಿಸಿದರೆ ಆಫೀಸಿನವರು ಏನೂ ಮಾಡಲಾರರು, ಮೂರು ದಿನ ಸುಮ್ನೆ ಮೆಸೇಜ್ ಓಡಾಡುತ್ತದೆ. ಫೈಲಿನ ಹೆಸರು, ರಿವಿಷನ್, ಕೊನೆಯ ಸಿಂಕ್ ಸಮಯ ಬರೆಯಿರಿ. ಯಾವ ಮೂರು ಜಾಗದಲ್ಲಿ ಅಳೆದಿರಿ, ಮಾಡೆಲ್ ಎಷ್ಟು ಹೇಳಿತು, ಟೇಪ್ ಎಷ್ಟು ಹೇಳಿತು, ಯಾವ ದಿಕ್ಕಿಗೆ ಅಂತ ಬರೆಯಿರಿ. ಅಂಚಿನಿಂದಲೋ ನಡುವಿನಿಂದಲೋ ಅಂತಲೂ ಬರೆಯಿರಿ. ಟೇಪ್ ಹಿಡಿದ ಫೋಟೊ ಇರಲಿ, ಅದರಲ್ಲಿ ಗ್ರಿಡ್ ಗುರುತು ಕಾಣಲಿ. ಉತ್ತರ ಬರುವವರೆಗೆ ಆ ಜಾಗಕ್ಕೆ ಬಣ್ಣದಲ್ಲಿ ‘ತಡೆ’ ಅಂತ ಬರೆದು ಮೇಸ್ತ್ರಿಗೆ ಬಾಯಿಂದಲೂ ಹೇಳಿ, ಯಾಕೆಂದರೆ ಟ್ಯಾಬ್‌ನಲ್ಲಿ ಹಾಕಿದ ಕೆಂಪು ಗುರುತು ಶಟರಿಂಗ್ ಮೇಲೆ ನಿಂತವರಿಗೆ ಕಾಣುವುದಿಲ್ಲ.